ಇಪ್ಪತ್ತು ಸೆಕೆಂಡಿನ ಬಾಗಿಲು

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರೆ. ಲಿಫ್ಟಿನ ಗುಂಡಿ ಒತ್ತಿ, ಅದು ಬರುವ ಮೊದಲೇ ಮೆಟ್ಟಿಲು ಹತ್ತಿಬಿಡುತ್ತೇನೆ. ಇಂಥವಳನ್ನು ಹಿಡಿದು ತಂದು ಬೇಸ್‌ಬಾಲ್ ಮೈದಾನದ ಪಕ್ಕ ಕೂರಿಸಿದವರು ಒಬ್ಬ ಅಂಕಲ್. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ಆಸ್ಟಿನ್ನಿನಲ್ಲಿ ಓದು ಮುಗಿಸಿ, ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಕಟ್ಟಿದ್ದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವ ಕೆಲಸ. ಅಂಕಲ್ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ, ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿದ್ದರು. ಧಾರವಾಡದ ಕಡೆಯವರು, ಎಪ್ಪತ್ತರ ದಶಕದಲ್ಲೇ ಟೆಕ್ಸಸ್ಸಿಗೆ ಬಂದವರು. ಆಗ ಅಲ್ಲಿ ಕ್ರಿಕೆಟ್ ಆಡಲು ಜನ ಸಿಗಲಿಲ್ಲವೆಂದು ಬೇಸ್‌ಬಾಲ್ ಕಲಿತರಂತೆ. ಕಲಿತವರು ಆಮೇಲೆ ಬಿಡಲೇ ಇಲ್ಲ.

ಕ್ಲಿಯರ್ ಲೇಕ್ ಬಾಹ್ಯಾಕಾಶ ಕೇಂದ್ರದ ಎಂಜಿನಿಯರುಗಳ ಊರು. ಬೀದಿಯಲ್ಲಿ ಮನುಷ್ಯರು ಕಾಣುವುದಿಲ್ಲ, ಗ್ಯಾರೇಜಿನ ಬಾಗಿಲುಗಳು ಕಾಣುತ್ತವೆ. ಕಾರು ಇನ್ನೂ ತಿರುವಿನಲ್ಲಿರುವಾಗಲೇ ಬಾಗಿಲು ಮೇಲೇಳುತ್ತದೆ, ಕಾರನ್ನು ಒಳಗೆ ತೆಗೆದುಕೊಳ್ಳುತ್ತದೆ, ಮತ್ತೆ ನಿಧಾನವಾಗಿ ಇಳಿಯುತ್ತದೆ. ಒಳಗೆ ಹೋದವರು ಯಾರೆಂದು ಎದುರುಮನೆಯವರಿಗೂ ತಿಳಿಯುವುದಿಲ್ಲ. ನಮ್ಮವರ ಮನೆಗಳಲ್ಲಂತೂ ಮುಂಬಾಗಿಲು ನೆಂಟರಿಗೆ ಮತ್ತು ರಂಗೋಲಿಗೆ. ಮನೆಯವರು ಬರುವುದು ಗ್ಯಾರೇಜಿನಿಂದಲೇ, ಚಪ್ಪಲಿ ಬಿಡುವುದೂ ಅಲ್ಲೇ. ಅಡುಗೆಮನೆಯಲ್ಲಿರುವ ಹೆಂಗಸು ಗ್ಯಾರೇಜಿನ ಬಾಗಿಲು ಗುರ್ರೆಂದ ಸದ್ದು ಕೇಳಿಯೇ ಊಟಕ್ಕೆ ಇಡುತ್ತಾಳೆ. ಅಂಕಲ್ ಮನೆಯ ಗ್ಯಾರೇಜು ಶನಿವಾರದ ಲೀಗ್ ನಡೆಯುತ್ತಿದ್ದ ಮೈದಾನಕ್ಕೆ ಎದುರಾಗಿಯೇ ಇತ್ತು. ನಡುವೆ ಒಂದು ಸಣ್ಣ ರಸ್ತೆ, ಒಂದು ತಂತಿಬೇಲಿ, ಅಷ್ಟೆ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ನಮ್ಮ ಬೌಲರನ ಹಾಗೆ ಓಡಿಬರುವುದಿಲ್ಲ. ಮೈದಾನದ ನಡುವೆ ಒಂದು ಮಣ್ಣಿನ ದಿಬ್ಬದ ಮೇಲೆ ನಿಂತೇ ಎಸೆಯುತ್ತಾನೆ. ಎಸೆಯುವ ಮೊದಲು ಅವನು ಎಷ್ಟು ಹೊತ್ತು ನಿಲ್ಲಬಹುದು ಎಂಬುದರ ಮೇಲೆ ಆ ದೇಶದಲ್ಲಿ ಮುಗಿಯದ ಜಗಳ. ನಿಯಮದ ಪುಸ್ತಕದಲ್ಲಿ ಇಪ್ಪತ್ತು ಸೆಕೆಂಡ್ ಎಂದು ಬರೆದೇ ಇತ್ತು, ಟಿವಿಯಲ್ಲಿ ಬರುವ ದೊಡ್ಡ ಆಟಗಳಲ್ಲೂ ಅದನ್ನು ಯಾರೂ ಎಣಿಸುತ್ತಿರಲಿಲ್ಲ. ನಮ್ಮ ಲೀಗಿನಲ್ಲಿ ಬಿಳಿ ಮೀಸೆಯ ಒಬ್ಬ ಪಿಚರ್ ಇದ್ದ. ಅವನು ನಿಂತನೆಂದರೆ ನಿಂತ. ಚೆಂಡನ್ನು ಎದೆಗೊತ್ತಿಕೊಂಡು, ಟೊಪ್ಪಿಯ ಅಂಚಿನ ಕೆಳಗಿನಿಂದ ಎತ್ತಲೋ ನೋಡುತ್ತ ನಿಂತುಬಿಡುವನು. ಸುತ್ತಲಿನವರ ಮಾತು ಒಂದೊಂದಾಗಿ ನಿಂತುಹೋಗುವುದು. ಬೇಲಿಯ ಮೇಲೆ ಸಾಲಾಗಿ ಕೂತ ಗ್ರ್ಯಾಕಲ್ ಎಂಬ ಕರಿ ಹಕ್ಕಿಗಳೂ ಸುಮ್ಮನಾಗುವವು. ಹ್ಯೂಸ್ಟನ್ನಿನ ಆ ಜಿಗುಟು ಸೆಕೆಯಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ಯಾರೋ ಬರುವವರಿದ್ದಾರೆ, ಅವರು ಬರುವ ತನಕ ಇವನು ಎಸೆಯುವುದಿಲ್ಲ ಎಂದು ನನಗನ್ನಿಸುತ್ತಿತ್ತು. ಕುತ್ತಿಗೆಯ ಹಿಂದೆ ತಣ್ಣಗಾಗುತ್ತಿತ್ತು. ಎಸೆಯೋ ಮಾರಾಯ, ಎಸೆದು ಸಾಯಿ, ಎಂದು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಆಟ ಮುಗಿದ ಮೇಲೆ ಮರದ ಕೆಳಗೆ ಮಾತಿನ ಆಟ ಶುರುವಾಗುತ್ತಿತ್ತು. ದಿಬ್ಬಕ್ಕೆ ಒಂದು ಗಡಿಯಾರ ಬೇಕು ಎನ್ನುವವರು ಅರ್ಧ, ಬೇಡ ಎನ್ನುವವರು ಅರ್ಧ. ಮೀಸೆಯವನದು ಒಂದೇ ಮಾತು: “ವಾರವಿಡೀ ಗಡಿಯಾರ ಹಿಂದಕ್ಕೆ ಎಣಿಸುವುದನ್ನು ನೋಡಿಯೇ ನಾವೆಲ್ಲ ಸಂಬಳ ತಗೊಳ್ಳೋದು. ಗಡಿಯಾರ ಇಲ್ಲದ ಜಾಗ ನನಗೆ ಇದೊಂದೇ ಉಳಿದಿದೆ. ಇದನ್ನಾದರೂ ಬಿಡಿ.” ಅವನು ಹಾಗೆಂದಾಗ ಬೇಕು ಎನ್ನುವವರೂ ಸ್ವಲ್ಪ ತಲೆ ತಗ್ಗಿಸುತ್ತಿದ್ದರು. ಅಂಕಲ್ ಮಾತ್ರ ಬಿಡುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಜಗಳ ಸಾಲದೆ ಬಂದಾಗ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮುಗಿಸುತ್ತಿದ್ದರು.

“ಇಂವಂಗ ಗಡಿಯಾರ ಇಲ್ಲಂತ. ಮನ್ಯಾಗ ಕೂತಾಕಿಗೆ ಅದನೋ ಇಲ್ಲೋ?”

“ಯಾರಿಗೆ ಅಂಕಲ್?”

“ನಿಮ್ಮ ಆಂಟಿಗೆ. ನಾ ಉಣ್ಣೋ ತನಕ ಆಕಿ ಉಣ್ಣಂಗಿಲ್ಲ. ಲಗ್ನ ಆದಾಗಿಂದ ಹೇಳ್ಲಿಕ್ಹತ್ತೀನಿ, ಕೇಳಂಗಿಲ್ಲ. ಈಗ ಸಕ್ಕರಿ ಜಡ್ಡು ಬ್ಯಾರೆ. ಈ ಮೀಸ್ಯಾಂವ ಇಲ್ಲಿ ಕಲ್ಲಿನಂಗ ನಿಂತ್ರ ಅಲ್ಲಿ ಆಕಿ ಕೈಕಾಲು ನಡಗ್ತಾವ.” ಆಮೇಲೆ ದನಿ ತಗ್ಗಿಸಿ, “ಆಕಿ ಮುಂದ ಹೇಳಬ್ಯಾಡ ಮತ್ತ. ಹೇಳಿದ್ರ, ಹಂಗಾರ ಆಟಾನ ಬಿಡ್ರಿ ಅಂತಾಳ,” ಎಂದರು.

ಆಟ ಬಿಡುವ ಬದಲು ಅಂಕಲ್ ಗಡಿಯಾರ ಕಟ್ಟಿದರು. ಸಂಜೆಗಳಲ್ಲಿ ಲ್ಯಾಬಿನಲ್ಲಿ ಕೂತು, ಕೆಂಪು ಅಂಕಿಗಳ ಒಂದು ದೊಡ್ಡ ಬೋರ್ಡು ಮಾಡಿದರು. ದೂರದಿಂದ ನಡೆಸಲು ಒಂದು ರಿಮೋಟ್ ಬೇಕಿತ್ತು. ಮನೆಯಲ್ಲಿ ಬಿದ್ದಿದ್ದ ಗ್ಯಾರೇಜಿನ ಹೆಚ್ಚುವರಿ ರಿಮೋಟನ್ನೇ ತಂದು, ಮೈದಾನದ ಉದ್ದಕ್ಕೂ ಸಿಗ್ನಲ್ ಮುಟ್ಟಲಿ ಎಂದು ಅದಕ್ಕೊಂದು ಉದ್ದನೆಯ ಆಂಟೆನಾ ತಂತಿ ಬೆಸೆದರು. ಗುಂಡಿಯನ್ನು ಒಮ್ಮೆ ಒತ್ತಿದರೆ ಇಪ್ಪತ್ತರಿಂದ ಕೆಳಗೆ ಎಣಿಕೆ, ಇನ್ನೊಮ್ಮೆ ಒತ್ತಿದರೆ ಬೋರ್ಡು ಖಾಲಿ. “ನಿನ್ನಂಥ ತಾಳ್ಮಿಗೆಟ್ಟಾಕಿನ ಬೇಕು ಇದರ ಮುಂದ ಕೂಡಲಿಕ್ಕೆ,” ಎಂದು ಆ ಕೆಲಸವನ್ನು ನನಗೆ ಆಗಲೇ ಗೊತ್ತುಮಾಡಿಬಿಟ್ಟಿದ್ದರು. ನನಗೆ ಖುಷಿಯೇ ಆಯಿತು. ನಿಂತುಕೊಂಡವರನ್ನು ಓಡಿಸುವ ಗುಂಡಿ ಯಾರಿಗೆ ಬೇಡ?

ಜನವರಿಯಲ್ಲಿ ಒಂದು ಸಂಜೆ, ಮನೆಗೆ ಹೊರಟ ಅಂಕಲ್ ಆಫೀಸಿನ ಪಾರ್ಕಿಂಗ್‌ನಲ್ಲೇ ಕಾರಿನೊಳಗೆ ಕೂತಂತೆ ತೀರಿಕೊಂಡರು. ಎದೆ ಕೈಕೊಟ್ಟಿತು, ಅಷ್ಟೆ. ಕಾರನ್ನು ಆಮೇಲೆ ಬೇರೆಯವರು ಓಡಿಸಿಕೊಂಡು ಬಂದು ಗ್ಯಾರೇಜಿನಲ್ಲಿ ನಿಲ್ಲಿಸಿದರು. ಆಂಟಿ ಆ ಸಂಜೆಯೂ ಬಾಗಿಲಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರಂತೆ.

ಮಾರ್ಚಿನಲ್ಲಿ ಲೀಗ್ ಶುರುವಾಗುವಾಗ ಅವರ ಗೆಳೆಯರು ಲ್ಯಾಬಿನಿಂದ ಆ ಬೋರ್ಡನ್ನು ಹೊತ್ತು ತಂದರು. ಒಂದು ಸೀಸನ್ ಇಟ್ಟು ನೋಡೋಣ, ಕೊನೆಯ ಶನಿವಾರ ವೋಟ್ ಮಾಡೋಣ ಎಂದು ಒಪ್ಪಂದವಾಯಿತು. ಮೀಸೆಯವನೂ ಸತ್ತ ಗೆಳೆಯನ ಮುಖ ನೋಡಿ ಒಪ್ಪಿದ, ಒಂದು ಷರತ್ತಿನ ಮೇಲೆ: ಪ್ರತಿ ಎಸೆತಕ್ಕೂ ಎಣಿಸಬಾರದು, ತೀರಾ ತಡವಾಯಿತು ಎಂದು ಅಂಪೈರ್ ಬೆರಳು ಎತ್ತಿದರೆ ಮಾತ್ರ. ಬೆರಳು ಎತ್ತಿದ ಕೂಡಲೇ ನಾನು ಗುಂಡಿ ಒತ್ತಬೇಕು. ಎಸೆದ ಮೇಲೆ ಮತ್ತೆ ಒತ್ತಿ ಅಳಿಸಬೇಕು. ಸೊನ್ನೆಯಾದರೂ ಎಸೆಯದಿದ್ದರೆ ಬ್ಯಾಟುಗಾರನಿಗೆ ಒಂದು ಎಸೆತದ ಲಾಭ. ಮೀಸೆಯವನನ್ನು ಬಿಟ್ಟರೆ ಅಷ್ಟು ತಡ ಮಾಡುವವರು ಲೀಗಿನಲ್ಲಿ ಇರಲಿಲ್ಲ, ಹೀಗಾಗಿ ಗಡಿಯಾರ ಹೆಚ್ಚುಕಡಿಮೆ ಅವನೊಬ್ಬನದೇ ಆಯಿತು. ನನ್ನ ಮೇಜು ರಸ್ತೆಯ ಕಡೆಯ ಬೇಲಿಗೆ ಒತ್ತಿಕೊಂಡಿತ್ತು. ಮುಖ ಮೈದಾನಕ್ಕೆ, ಬೆನ್ನು ಅಂಕಲ್ ಮನೆಗೆ.

ಆಟ ಮುಗಿದ ಮೇಲೆ ಆಂಟಿಯನ್ನು ಮಾತಾಡಿಸಿ ಹೋಗುವುದು ನನ್ನ ರೂಢಿಯಾಯಿತು. ಮೊದಲ ಶನಿವಾರವೇ, ಮಧ್ಯಾಹ್ನ ಎರಡೂವರೆ ದಾಟಿತ್ತು, ಹೋಗಿ ನೋಡಿದರೆ ಮೇಜಿನ ಮೇಲೆ ಎರಡು ತಾಟು. ಮುಚ್ಚಿಟ್ಟ ರೊಟ್ಟಿ, ಬದನೇಕಾಯಿ ಎಣಗಾಯಿ, ಮೊಸರು. ಆಂಟಿಯ ಮುಖ ಬೆವೆತಿತ್ತು, ಆದರೆ ಬೆಳಗುತ್ತಿತ್ತು.

“ಇವತ್ತ ಅವರು ಬಂದಿದ್ರು,” ಎಂದರು.

“ಯಾರು ಆಂಟಿ?”

“ಅವರು.” ಗಂಡನ ಹೆಸರು ಹಿಡಿಯುವವರಲ್ಲ ಅವರು. “ನಾ ರೊಟ್ಟಿ ಬಡೀಲಿಕ್ಹತ್ತಿದ್ದೆ. ಬಾಗಿಲಾ ಎದ್ದ ಸಪ್ಪಳಾತು. ಹೋಗಿ ನೋಡಿದ್ರ ಯಾರೂ ಇಲ್ಲ. ಬಿಸಲಷ್ಟ ಒಳಗ ಬಂದಿತ್ತು. ನಾ ನೋಡ್ತಾ ನಿಂತಂಗ ಮತ್ತ ತಾನ ಇಳೀತು.”

ಮೈ ಜುಮ್ಮೆಂದಿತು. ಗಾಳಿಗೋ ಕರೆಂಟಿಗೋ ಹಾಗಾಗುತ್ತದೆ ಎಂದು ಏನೋ ಸಮಾಧಾನ ಹೇಳಿದೆ. ಆಂಟಿ ನನ್ನನ್ನು ಪಾಪ ಎಂಬಂತೆ ನೋಡಿದರು. “ವರ್ಷ ತುಂಬೋ ತನಕ ಹೋದವರು ದಾರ್ಯಾಗ ಇರ್ತಾರವಾ. ನಮ್ಮ ಅತ್ತಿ ಹೇಳ್ತಿದ್ರು,” ಎಂದರು.

ಅಂದಿನಿಂದ ಪ್ರತಿ ಶನಿವಾರವೂ ಅದೇ ಮಾತು. ಇವತ್ತು ಮೂರು ಸಲ ಬಂದರು. ಇವತ್ತು ಬಹಳ ಹೊತ್ತು ನಿಂತಿದ್ದರು. “ಒಮ್ಮೊಮ್ಮೆ ಬಾಗಿಲಾ ಅರ್ಧಕ್ಕ ನಿಂದರ್ತದ. ಹೊರಗ ಯಾರರೆ ನಿಂತ್ರ ಕಾಲಷ್ಟ ಕಾಣಬೇಕು, ಹಂಗ. ನಾ ಬಗ್ಗಿ ನೋಡಂಗಿಲ್ಲ,” ಎಂದು ಒಂದು ದಿನ ಹೇಳಿದರು. ಏಕೆ ನೋಡುವುದಿಲ್ಲ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಆ ಮನೆಯಿಂದ ನನ್ನ ಕಾರಿನ ತನಕ ನಡೆಯುವಾಗ ಗ್ಯಾರೇಜಿನ ಕಡೆ ನೋಡದೆ ನಡೆಯುವ ಅಭ್ಯಾಸ ನನಗೂ ಹತ್ತಿತು. ನಡುಮಧ್ಯಾಹ್ನ, ಸುಡುವ ಬಿಸಿಲು, ಬೀದಿಯಲ್ಲಿ ನರಪಿಳ್ಳೆ ಇಲ್ಲ, ಆ ಮುಚ್ಚಿದ ಬಿಳಿ ಬಾಗಿಲು. ಕತ್ತಲಲ್ಲಿ ಹೆದರುವುದು ಬೇರೆ. ಬಿಸಿಲಲ್ಲಿ ಹೆದರಿದರೆ ಯಾರಿಗೆ ಹೇಳುವುದು?

ಅವರ ಮಗ ಡಲ್ಲಾಸ್ ಹತ್ತಿರದ ಸೌತ್‌ಲೇಕಿನಲ್ಲಿದ್ದ. ಇಲ್ಲೇ ಹುಟ್ಟಿ ಬೆಳೆದವನು. ತಾಯಿಯ ಮಾತು ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗಾಬರಿಯಾಗಿ ರಿಪೇರಿಯವನನ್ನು ಕಳಿಸಿದ. ಅವನು ಮಂಗಳವಾರ ಬಂದ. ಬಾಗಿಲು ಚಿನ್ನದ ಹಾಗಿದೆ ಎಂದು ಹೇಳಿಹೋದ. ಮಗ ತಾನೇ ಒಂದು ಭಾನುವಾರ ಡ್ರೈವ್ ಮಾಡಿಕೊಂಡು ಬಂದು ಇಡೀ ದಿನ ಕೂತ, ಬಾಗಿಲು ಮಿಸುಕಲಿಲ್ಲ. ಆಮೇಲೆ ನನಗೆ ಫೋನ್ ಮಾಡಿ, ಅಮ್ಮನ ತಲೆ ಸರಿಯಿಲ್ಲ ಅನ್ನಿಸುತ್ತಿದೆ, ಡಾಕ್ಟರಿಗೆ ತೋರಿಸಬೇಕು, ಈ ಮನೆ ಮಾರಿ ಅವರನ್ನು ಸೌತ್‌ಲೇಕಿಗೆ ಕರೆದುಕೊಂಡು ಹೋಗುತ್ತೇನೆ ಎಂದ. ಆಂಟಿಗೆ ಆ ಮಾತೆತ್ತಿದರೆ ಬೆಂಕಿ. “ಇಲ್ಲಿ ಬರೋರು ಅಲ್ಲಿಗೆ ಬರ್ತಾರೇನು? ದಾರಿ ಗೊತ್ತದನು ಅವರಿಗೆ?”

ಅದು ಮಾತಿನಲ್ಲೇ ಉಳಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಮೇ ತಿಂಗಳ ಒಂದು ಶನಿವಾರ ಹೋದಾಗ ಆಂಟಿ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಕಣ್ಣು ತೆರೆದಿತ್ತು, ನನ್ನ ಗುರುತು ಹತ್ತುತ್ತಿರಲಿಲ್ಲ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಮೂರು ಗಂಟೆಯ ತನಕ ಒಂದು ತುತ್ತು ತಿಂದಿರಲಿಲ್ಲ. ಬಾಯಿಗೆ ಬೆಲ್ಲದ ನೀರು ಹುಯ್ದೆ. ಸ್ವಲ್ಪ ಹೊತ್ತಿಗೆ ತಿಳಿವು ಬಂತು. ನನಗೆ ಸಿಟ್ಟು ತಡೆಯಲಾಗಲಿಲ್ಲ.

“ಆಂಟಿ, ಹಿಂಗೆ ಮಾಡಿದ್ರೆ ಒಂದು ದಿನ ನಾನು ಬರೋ ಹೊತ್ತಿಗೆ ನೀವು ಇರಲ್ಲ. ಊಟ ಮಾಡಿ ಕೂತ್ಕೊಳ್ಳಿ, ಯಾರು ಬೇಡ ಅಂತಾರೆ?”

“ಅವರು ಹೊಸ್ತಿಲ ತನಕಾ ಬಂದು ನಿಂತಾಗ ನಾ ಹೆಂಗ ಉಣ್ಣಲಿ ತಂಗಿ?” ಎಂದರು, ಬಹಳ ಸಹಜವಾಗಿ.

ಬಾಗಿಲು ಹೀಗೆಯೇ ಏಳುತ್ತಿದ್ದರೆ ಆಂಟಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಅದರ ಮುಂದಿನ ಎರಡು ಶನಿವಾರ ಮೀಸೆಯವನು ರಜೆ ಹಾಕಿ ಕೊಲೊರಾಡೊಗೆ ಮೀನು ಹಿಡಿಯಲು ಹೋಗಿದ್ದ. ಆಟ ಸರಸರ ಮುಗಿಯಿತು. ಅಂಪೈರ್ ಬೆರಳು ಎತ್ತಲೇ ಇಲ್ಲ, ನಾನು ಗುಂಡಿ ಮುಟ್ಟಲೇ ಇಲ್ಲ. ಎರಡು ಶನಿವಾರವೂ ಆಂಟಿ ಕಳೆಗುಂದಿ ಕೂತಿದ್ದರು. “ಬರ್ಲಿಲ್ಲ. ನಾ ಏನರೆ ತಪ್ಪು ಮಾಡಿದೆನೇನು?” ಎಂದು ನನ್ನನ್ನು ಕೇಳಿದರು. ಆದರೂ ನನ್ನ ಮಂದ ತಲೆಗೆ ಏನೂ ಹೊಳೆಯಲಿಲ್ಲ.

ಹೊಳೆದದ್ದು ಮೀಸೆಯವನು ಹಿಂದಿರುಗಿದ ದಿನ. ಆ ವಾರ ಬಿರುಗಾಳಿ ಬೀಸಿ ನನ್ನ ಮೇಜಿನ ಮೇಲಿನ ಚಪ್ಪರ ಹರಿದಿತ್ತು. ನೆರಳಿಗೆಂದು ಮೇಜನ್ನು ಮೈದಾನದ ಆಚೆ ಬದಿಗೆ ಎಳೆದುಕೊಂಡೆ. ಮೊದಲ ಸಲ ಅಂಕಲ್ ಮನೆ ನನ್ನ ಕಣ್ಣೆದುರಿಗಿತ್ತು. ಮೀಸೆಯವನು ದಿಬ್ಬ ಹತ್ತಿದ, ಚೆಂಡನ್ನು ಎದೆಗೊತ್ತಿಕೊಂಡ, ನಿಂತ. ಎಲ್ಲ ಸದ್ದೂ ಅಡಗಿತು. ಅಂಪೈರ್ ಬೆರಳು ಎತ್ತಿದ, ನಾನು ಒತ್ತಿದೆ. ಬೋರ್ಡಿನಲ್ಲಿ ಕೆಂಪು ಇಪ್ಪತ್ತು ಮೂಡಿತು. ಮೀಸೆಯವನ ಹೆಗಲಿನ ಆಚೆ, ಬೇಲಿಯ ಆಚೆ, ರಸ್ತೆಯ ಆಚೆ, ಆ ಬಿಳಿ ಬಾಗಿಲು ಏಳತೊಡಗಿತು.

ಯಾರೂ ಅದನ್ನು ಮುಟ್ಟಿರಲಿಲ್ಲ, ರಸ್ತೆಯಲ್ಲಿ ಕಾರಿರಲಿಲ್ಲ. ಇಷ್ಟು ದೂರಕ್ಕೆ ಸದ್ದು ಕೇಳಿಸದೆ ಅದು ಮೇಲೆ ಹೋಯಿತು, ಒಳಗಿನ ಕತ್ತಲು ಕಾಣಿಸಿತು. ನನ್ನ ಹೆಬ್ಬೆರಳಿನ ಕೆಳಗಿದ್ದದ್ದು ಅದೇ ಗ್ಯಾರೇಜಿನ ಹೆಚ್ಚುವರಿ ರಿಮೋಟು.